ಪ್ರೌಢಶಾಲೆಯಲ್ಲಿ ಸಿನಿಮಾಕ್ಕೂ ಒಂದು ಪೀರಿಯಡ್ ಕೊಡಿ: ಶಿಕ್ಷಣ ಸಚಿವರಿಗೆ ಉಡುಪಿಯಿಂದ ಒಂದು ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ ಮತ್ತು ಪಠ್ಯಕ್ರಮದ ಹೊಣೆ ಹೊತ್ತ ಡಿಎಸ್‌ಇಆರ್‌ಟಿಯ ಹಿರಿಯರಿಗೆ,

ನಮಸ್ಕಾರ.

ನಾನು ಉಡುಪಿ ಜಿಲ್ಲೆಯ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡುವವಳು. ಸುತ್ತುಬಳಸದೆ ಹೇಳಿಬಿಡುತ್ತೇನೆ. ಒಂಬತ್ತು ಮತ್ತು ಹತ್ತನೇ ತರಗತಿಯಲ್ಲಿ ಸಿನಿಮಾ ಅಧ್ಯಯನವನ್ನು ಐಚ್ಛಿಕ ವಿಷಯವಾಗಿ ತನ್ನಿ. ಇಡೀ ರಾಜ್ಯಕ್ಕೆ ಒಮ್ಮೆಲೇ ಬೇಡ, ಉಡುಪಿ ಮತ್ತು ದಕ್ಷಿಣ ಕನ್ನಡದ ಕೆಲವು ಶಾಲೆಗಳಲ್ಲಿ ಮೊದಲು ಮಾಡಿ ನೋಡೋಣ. ಆದರೆ ತರುವುದಾದರೆ ಪಠ್ಯ, ಅಂಕ, ತರಬೇತಿ ಪಡೆದ ಶಿಕ್ಷಕರು ಎಲ್ಲ ಇರುವ ವಿಷಯವಾಗಿಯೇ ಬರಲಿ. ಶನಿವಾರದ ಕೊನೆಯ ಪೀರಿಯಡ್ಡಿನಲ್ಲಿ ಹೊತ್ತು ಕಳೆಯಲಿಕ್ಕೆ ಬೇಡ. ಅದು ಈಗಲೇ ಇದೆ.

ಈಗ ನಮ್ಮ ಶಾಲೆಗಳಲ್ಲಿ ಸಿನಿಮಾ ಹೇಗೆ ನಡೆಯುತ್ತದೆ ಎಂದು ನಿಮಗೆ ತಿಳಿದಿರಬಹುದು. ಯಾರೋ ಒಬ್ಬ ಶಿಕ್ಷಕರು ರಜೆ ಹಾಕಿದ್ದಾರೆ, ಬದಲಿಗೆ ಹೋಗುವವರಿಲ್ಲ, ಸ್ಮಾರ್ಟ್ ಕ್ಲಾಸಿನ ಪ್ರೊಜೆಕ್ಟರ್ ಖಾಲಿ ಇದೆ. ಒಂದು ದೇಶಭಕ್ತಿಯ ಚಿತ್ರವನ್ನೋ ಮಹಾಪುರುಷರ ಜೀವನಚರಿತ್ರೆಯನ್ನೋ ಹಾಕಿಬಿಡುತ್ತಾರೆ. ಅರ್ಧಕ್ಕೆ ಗಂಟೆ ಹೊಡೆಯುತ್ತದೆ. ಉಳಿದ ಅರ್ಧ ಮತ್ತೆಂದೂ ಬರುವುದಿಲ್ಲ. ಪೂರ್ತಿ ಮುಗಿದರೂ ಕೇಳುವ ಪ್ರಶ್ನೆ ಒಂದೇ: "ಇದರಿಂದ ಏನು ನೀತಿ ಕಲಿತಿರಿ?" ಮಕ್ಕಳು ಎರಡೂ ಕೈ ಕಟ್ಟಿ ನಿಂತು ನೀತಿ ಒಪ್ಪಿಸುತ್ತಾರೆ. ಅಲ್ಲಿಗೆ ಸಿನಿಮಾ ಮುಗಿಯಿತು.

ಇನ್ನೊಂದು, ಕಿರುಚಿತ್ರ ಸ್ಪರ್ಧೆ. ತೀರ್ಪುಗಾರಳಾಗಿ ಅಂಥವನ್ನು ಕೆಲವು ನೋಡಿದ್ದೇನೆ. ಪ್ಲಾಸ್ಟಿಕ್ ಎಸೆಯುವ ಹುಡುಗ, ಅದನ್ನು ಹೆಕ್ಕುವ ಹುಡುಗಿ, ಹಿಂದಿನಿಂದ ಕೊಳಲು, ಕೊನೆಗೆ ಡ್ರೋನ್‌ನಲ್ಲಿ ಕಂಡ ಸಮುದ್ರ, ಅದರ ಮೇಲೊಂದು ಘೋಷವಾಕ್ಯ. ಡ್ರೋನ್ ಬಾಡಿಗೆಗೆ ತಂದ ಶಾಲೆಗೆ ಪ್ರಥಮ ಬಹುಮಾನ. ಮಕ್ಕಳನ್ನು ದೂರುವಂತಿಲ್ಲ, ನಾವು ಕೇಳಿದ್ದೇ ಅದನ್ನು. ಸಿನಿಮಾ ಎಂದರೆ ಸಂದೇಶದ ಡಬ್ಬ ಎಂದು ಕಲಿಸಿದವರು ನಾವೇ. ಕವನ ಪಾಠ ಮಾಡುವಾಗ ಹೀಗೆ ಮಾಡುವುದಿಲ್ಲವಲ್ಲ! ಅಲ್ಲಿ ಪ್ರಾಸ, ಲಯ, ಧ್ವನಿ, ಅಲಂಕಾರ ಎಲ್ಲ ಬಿಡಿಸಿ ಹೇಳುತ್ತೇವೆ, ಗಣ ಹಾಕಿಸುತ್ತೇವೆ, ಅದಕ್ಕೆ ಅಂಕ ಕೊಡುತ್ತೇವೆ. ದಿನಕ್ಕೆ ಗಂಟೆಗಟ್ಟಲೆ ಚಲಿಸುವ ಚಿತ್ರ ನೋಡುವ ಮಗುವಿಗೆ ಮಾತ್ರ ಅದನ್ನು ಓದುವುದು ಹೇಗೆ ಎಂದು ಒಂದು ಪೀರಿಯಡ್ ಕೂಡ ಹೇಳಿಕೊಡುವುದಿಲ್ಲ.

ನಮ್ಮ ಕರಾವಳಿಯ ಮಳೆಗಾಲದ ಒಂದು ವಿಷಯ ಹೇಳಬೇಕು. ಜೋರು ಮಳೆ ಬಂದ ರಾತ್ರಿ ಜಿಲ್ಲಾಧಿಕಾರಿಗಳ ಹೆಸರಿನಲ್ಲಿ ನಕಲಿ ರಜೆ ಆದೇಶ ವಾಟ್ಸಾಪಿನಲ್ಲಿ ಓಡಾಡುತ್ತದೆ. ನಮ್ಮ ಹತ್ತನೇ ತರಗತಿಯವರು ಅದನ್ನು ಪರೀಕ್ಷಿಸುವ ರೀತಿ ನೋಡಬೇಕು ನೀವು! ದಿನಾಂಕ ಸರಿ ಇದೆಯೇ, ಸಹಿ ಹಳೆಯದೇ, ತಾಲೂಕಿನ ಹೆಸರು ಬಿಟ್ಟುಹೋಗಿದೆಯೇ, ಪೊಲೀಸ್ ತನಿಖೆಯೂ ಅಷ್ಟು ಚುರುಕಾಗಿ ನಡೆಯಲಿಕ್ಕಿಲ್ಲ. ಅದೇ ಮಕ್ಕಳು ಯಾವುದೋ ರಾಜ್ಯದ, ಯಾವುದೋ ವರ್ಷದ ಪ್ರವಾಹದ ವಿಡಿಯೊವನ್ನು ನಮ್ಮ ಸ್ವರ್ಣಾ ನದಿಯದ್ದು ಎಂದು ನಂಬಿ ಹತ್ತು ಗ್ರೂಪಿಗೆ ಕಳಿಸುತ್ತಾರೆ. ಅಕ್ಷರವನ್ನು ಅನುಮಾನಿಸಲು ಶಾಲೆ ಕಲಿಸಿದೆ. ಚಿತ್ರವನ್ನು ಅನುಮಾನಿಸಲು ಯಾರೂ ಕಲಿಸಿಲ್ಲ.

ಆದರೆ ಸುಳ್ಳು ಪತ್ತೆ ಹಚ್ಚಲಿಕ್ಕೆ ಮಾತ್ರ ಸಿನಿಮಾ ಕಲಿಸಿ ಎಂದರೆ ಅದೂ ಒಂದು ಬಗೆಯ ನೀತಿಪಾಠವೇ ಆದೀತು. ತರಗತಿಯಲ್ಲಿ ನಡೆದ ಒಂದು ಮಾತುಕತೆಯನ್ನು ಇಲ್ಲಿ ಬರೆಯುತ್ತೇನೆ, ನಾನು ಯಾವುದನ್ನು ಸಿನಿಮಾ ಅಧ್ಯಯನ ಎನ್ನುತ್ತಿದ್ದೇನೆ ಎಂದು ಅದರಿಂದ ಗೊತ್ತಾಗಬಹುದು.

2022ರಲ್ಲಿ 'ಕಾಂತಾರ' ಬಂದಾಗ ನಮ್ಮ ಶಾಲೆಯಲ್ಲಿ ಅದನ್ನು ನೋಡದ ಮಕ್ಕಳು ಕಡಿಮೆ. ಅದರ ಚಿತ್ರೀಕರಣ ನಡೆದ ಕೆರಾಡಿ ಇಲ್ಲಿಂದ ದೂರವೇನಲ್ಲ. ಕಥೆಯ ದೈವ, ದೈವದ ವೇಷ ಕಟ್ಟಿ ಆರಾಧಿಸುವ ಕೋಲ, ಕಂಬಳ ಎಲ್ಲವೂ ಮನೆಯಂಗಳದ್ದೇ. ಊಟದ ಬಿಡುವಿನಲ್ಲಿ ಅದೇ ಮಾತು. ಒಂದು ದಿನ ಪಾಠ ಬದಿಗಿಟ್ಟು, ನೀವು ನೋಡಿದ ಕೋಲಕ್ಕೂ ತೆರೆಯ ಮೇಲಿನ ಕೋಲಕ್ಕೂ ಏನು ವ್ಯತ್ಯಾಸ ಎಂದು ಕೇಳಿದೆ. ಮೊದಲು ಬಂದದ್ದು ಸಿದ್ಧ ಉತ್ತರಗಳು. ಅಲ್ಲಿ ಸೌಂಡ್ ಜೋರು, ಲೈಟ್ ಜಾಸ್ತಿ, ಹೀರೋ ಇದ್ದಾನೆ. ಕೋಲ ಕಟ್ಟುವ ಮನೆತನದ ಹುಡುಗನೊಬ್ಬ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತಿದ್ದ. ಕಡೆಗೆ ಅವನು ಎದ್ದು ಹೇಳಿದ: "ಟೀಚರ್, ಅಪ್ಪ ಬಣ್ಣಕ್ಕೆ ಕೂತರೆ ತುಂಬಾ ಹೊತ್ತು ಆಗ್ತದೆ. ಅರದಾಳ ಅರೀಬೇಕು, ಮುಖಕ್ಕೆ ಬರೀಬೇಕು, ಸಿರಿ ಕಟ್ಬೇಕು, ಅಣಿ ಏರಿಸ್ಬೇಕು. ನಾನು ಪಕ್ಕದಲ್ಲಿ ಕೂತು ನಿದ್ದೆ ತೂಗ್ತೇನೆ. ಸಿನಿಮಾದಲ್ಲಿ ಆ ಹೊತ್ತು ಎಲ್ಲಿಗೆ ಹೋಯ್ತು?"

ಸಂಕಲನ ಎಂದರೆ ಏನು ಎಂದು ಇದಕ್ಕಿಂತ ಚೆನ್ನಾಗಿ ಕೇಳುವ ಪ್ರಶ್ನೆ ನನಗೆ ಗೊತ್ತಿಲ್ಲ. ಆ ಪೀರಿಯಡ್ ಇಡೀ ಅದರಲ್ಲೇ ಹೋಯಿತು. ಕೋಲ ರಾತ್ರಿಯಿಡೀ ನಡೆಯುತ್ತದೆ. ಕೋಲ ಕಟ್ಟುವವರಿಗೆ ಎಣ್ಣೆ ವೀಳ್ಯ ಕೊಡುವ ಎಣ್ಣೆಬೂಳ್ಯದಿಂದ ಹಿಡಿದು ಕಾಲಿಗೆ ಗಗ್ಗರ ಕಟ್ಟುವವರೆಗೆ, ದೈವದ ಕಥೆ ಹಾಡುವ ಪಾಡ್ದನದಿಂದ ದೈವದ ನುಡಿಯವರೆಗೆ ಕಾಯುವ ಹೊತ್ತೇ ಹೆಚ್ಚು. ನಡುವೆ ಚಾ ಕುಡಿಯುವವರು, ಚರುಂಬುರಿ ತಿನ್ನುವವರು, ಮಕ್ಕಳನ್ನು ಮಲಗಿಸುವವರು. ಆ ಕಾಯುವಿಕೆಯೂ ಕೋಲದ ಭಾಗ. ಸಿನಿಮಾ ಅದನ್ನು ಕತ್ತರಿಸಿ ಆವೇಶದ ನಿಮಿಷಗಳನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಇಟ್ಟುಕೊಳ್ಳಲೇಬೇಕು, ಇಲ್ಲದಿದ್ದರೆ ಸಿನಿಮಾ ಆಗುವುದಿಲ್ಲ. ಹಾಗಾದರೆ ಕತ್ತರಿಸಿದವರು ಯಾರು, ಯಾವುದನ್ನು ಇಟ್ಟುಕೊಂಡರು, ಅದರಿಂದ ನಮಗೆ ಏನು ಅನಿಸಿತು? ಹುಡುಗಿಯೊಬ್ಬಳು ಮತ್ತೊಂದು ಸೇರಿಸಿದಳು. ಕೋಲದಲ್ಲಿ ನಾವು ನಿಂತ ಜಾಗದಿಂದ ಕಂಡಷ್ಟೇ ನಮಗೆ, ಎದುರು ಎತ್ತರದವರು ನಿಂತರೆ ಅಷ್ಟೂ ಇಲ್ಲ. ಸಿನಿಮಾದಲ್ಲಿ ದೈವದ ಕಣ್ಣಿನ ಹತ್ತಿರಕ್ಕೇ ಕರೆದುಕೊಂಡು ಹೋಗುತ್ತಾರೆ. "ಅಷ್ಟು ಹತ್ತಿರ ಹೋಗ್ಲಿಕ್ಕೆ ನಮಗೆ ಬಿಡ್ತಾರಾ ಟೀಚರ್?"

ಯಾವ ಸಿನಿಮಾ ಶಾಲೆಯಲ್ಲೂ ಕಲಿಯದ ಮಕ್ಕಳು ಇವರು. ಕ್ಲೋಸಪ್ ಎನ್ನುವ ಪದ ಅವರಿಗೆ ಆಮೇಲೆ ಸಿಕ್ಕಿತು, ಅದರ ಬಲ ಏನು ಎನ್ನುವುದು ಮೊದಲೇ ಗೊತ್ತಾಗಿತ್ತು. 2025ರ ಅಕ್ಟೋಬರಿನಲ್ಲಿ ಅದೇ ಚಿತ್ರದ ಪೂರ್ವಕಥೆ ಬಂದಾಗ ಕೆಲವರು ದೈವದ ವೇಷ ಹಾಕಿಕೊಂಡು ಥಿಯೇಟರಿಗೆ ಬಂದರು. ದೈವಾರಾಧಕರು ನೊಂದರು, ಹಾಗೆ ಮಾಡಬೇಡಿ ಎಂದು ಚಿತ್ರದ ನಿರ್ಮಾಣ ಸಂಸ್ಥೆಯೇ ಕೇಳಿಕೊಳ್ಳಬೇಕಾಯಿತು. ಟಿವಿಯಲ್ಲಿ ಇದರ ಬಗ್ಗೆ ಕೂಗಾಟ ನಡೆದದ್ದನ್ನು ನೋಡಿದಾಗ ಆ ಹುಡುಗನ ಪ್ರಶ್ನೆ ನೆನಪಾಯಿತು. ದೊಡ್ಡವರ ಚರ್ಚೆಯಲ್ಲಿ ಅಷ್ಟು ತೂಕದ ಮಾತು ಒಂದೂ ಬರಲಿಲ್ಲ ಎಂದರೆ ಬೇಜಾರು ಮಾಡಿಕೊಳ್ಳಬೇಡಿ.

ಈ ವಿಷಯವನ್ನು ಕರಾವಳಿಯಿಂದಲೇ ಆರಂಭಿಸಿ ಎಂದು ನಾನು ಹಠ ಹಿಡಿಯಲು ಊರಿನ ಅಭಿಮಾನ ಒಂದೇ ಕಾರಣವಲ್ಲ. ಪಾಠಕ್ಕೆ ಬೇಕಾದ ಸಾಮಗ್ರಿ ಇಲ್ಲಿ ಕಾಲಿಗೆ ತೊಡರುವಷ್ಟಿದೆ. ಕೋಟದ ಶಿವರಾಮ ಕಾರಂತರು ಮೂಕಿ ಚಿತ್ರಗಳ ಕಾಲದಲ್ಲೇ, 1930ರ ಆಸುಪಾಸಿನಲ್ಲಿ, ತಾವೇ ಸಿನಿಮಾ ತೆಗೆಯಲು ಹೊರಟವರು. ಪುತ್ತೂರಿನ ಬಾಲವನದಲ್ಲಿ ಮಕ್ಕಳ ಕಲಿಕೆಯ ಬಗ್ಗೆ ಪ್ರಯೋಗ ನಡೆಸಿದವರೂ ಅವರೇ. ಅವರ 'ಚೋಮನ ದುಡಿ' 1933ರ ಕಾದಂಬರಿ. ಬಂಟ್ವಾಳ ತಾಲೂಕಿನ ಮಂಚಿಯಲ್ಲಿ ಹುಟ್ಟಿದ ಬಿ.ವಿ. ಕಾರಂತರು ಅದನ್ನು 1975ರಲ್ಲಿ ಸಿನಿಮಾ ಮಾಡಿದರು, ಆ ವರ್ಷದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಬಂತು. ಕಾದಂಬರಿಯಲ್ಲಿ ದುಡಿಯ ಸದ್ದನ್ನು ಶಿವರಾಮ ಕಾರಂತರು ಮಾತಿನಲ್ಲಿ ಕಟ್ಟಬೇಕಾಯಿತು, ಸಿನಿಮಾದಲ್ಲಿ ಅದು ಕಿವಿಗೇ ಬಂದು ಬಡಿಯುತ್ತದೆ. ಯಾವುದು ಹೆಚ್ಚು ಹೊತ್ತು ಉಳಿಯಿತು ಎಂದು ಮಕ್ಕಳನ್ನೇ ಕೇಳಬೇಕು. 1971ರಲ್ಲಿ ಮೊದಲ ತುಳು ಚಿತ್ರ 'ಎನ್ನ ತಂಗಡಿ' ಬಂತು. ಮ್ಯಾಕ್‌ಬೆತ್ ನಾಟಕವನ್ನು ಕಡಲ ಮೀನುಗಾರರ ಬದುಕಿಗೆ ತಂದ ಅಭಯ ಸಿಂಹರ 'ಪಡ್ಡಾಯಿ' ಕೂಡ ತುಳುವಿನದ್ದೇ.

ನನಗೆ ತುಂಬಾ ಇಷ್ಟವಾದದ್ದು 'ಗುಲಾಬಿ ಟಾಕೀಸು'. ಮೂಲ ಕಥೆ ವೈದೇಹಿಯವರದ್ದು. ಕುಂದಾಪುರದವರು, ಈಗ ಮಣಿಪಾಲದಲ್ಲಿರುವವರು. ಗಿರೀಶ ಕಾಸರವಳ್ಳಿ 2008ರಲ್ಲಿ ಚಿತ್ರ ಮಾಡಿದರು, ಉಮಾಶ್ರೀಗೆ ರಾಷ್ಟ್ರಪ್ರಶಸ್ತಿ ಬಂತು. ಇಷ್ಟನ್ನು ಕ್ವಿಜ್ಜಿನಲ್ಲೂ ಕೇಳಬಹುದು. ತರಗತಿಗೆ ಬೇಕಾದದ್ದು ಮುಂದಿನದು. ಕಥೆಯಲ್ಲಿ ಸಣ್ಣ ಊರಿಗೆ ಟಾಕೀಸು ಬರುತ್ತದೆ, ಮನೆಯೊಳಗಿನ ಹೆಂಗಸರು ಆ ನೆಪದಲ್ಲಿ ಹೊರಗೆ ಕಾಲಿಡುತ್ತಾರೆ. ಸಿನಿಮಾದಲ್ಲಿ ಕಾಸರವಳ್ಳಿ ಅದನ್ನು 1990ರ ದಶಕದ ಕೊನೆಗೆ ತಂದರು. ಊರು ಮೀನುಗಾರರ ಕುದ್ರು (ನಡುಗಡ್ಡೆ), ಗುಲಾಬಿ ಮುಸ್ಲಿಂ ಸೂಲಗಿತ್ತಿ, ಟಾಕೀಸಿನ ಬದಲು ಡಿಶ್ ಆಂಟೆನಾ ಇರುವ ಟಿವಿ. ಹೆರಿಗೆ ಮಾಡಿಸಿದ್ದಕ್ಕೆ ಆಕೆಗೆ ಸಿಕ್ಕಿದ್ದು ಆ ಟಿವಿ. ಅದನ್ನು ನೋಡಲು ಕುದ್ರುವಿನ ಹೆಂಗಸರು ಅವಳ ಮನೆಗೆ ಬರುತ್ತಾರೆ, ಕೆಲವರು ಬರುವುದಿಲ್ಲ. ಹೊರಗೆ ಕಾರ್ಗಿಲ್ ಯುದ್ಧ, ಕಡಲಲ್ಲಿ ದೊಡ್ಡ ಬೋಟುಗಳ ಪೈಪೋಟಿ, ಊರಲ್ಲಿ ಬಿಸಿಯಾಗುತ್ತಿರುವ ಮಾತು.

ಬದಲಾಯಿಸಿದ್ದು ಯಾಕೆ? ಕಥೆಗಾರ್ತಿಗೆ ಅನ್ಯಾಯವಾಯಿತೇ? ಟಾಕೀಸಿನಲ್ಲಿ ಎಲ್ಲರೂ ಕತ್ತಲಲ್ಲಿ ಒಟ್ಟಿಗೆ ಕೂರುತ್ತಾರೆ, ಟಿವಿ ನೋಡಲು ಒಬ್ಬರ ಮನೆಯ ಹೊಸಿಲು ದಾಟಬೇಕು. ಅದರಿಂದ ಏನು ಬದಲಾಯಿತು? ಹದಿನಾಲ್ಕು ಹದಿನೈದರ ಮಕ್ಕಳಿಗೆ ಇದು ಭಾರವಾಗುತ್ತದೆ ಎನ್ನುವವರು ನಮ್ಮ ಎರಡು ಜಿಲ್ಲೆಗಳ ಬಸ್ ಸ್ಟ್ಯಾಂಡಿನಲ್ಲಿ ಒಂದು ಸಂಜೆ ನಿಂತು ಅದೇ ವಯಸ್ಸಿನವರ ಮಾತು ಕೇಳಲಿ. ಭಾರದ ವಿಷಯಗಳೆಲ್ಲ ಅವರ ಬಾಯಲ್ಲಿ ಈಗಾಗಲೇ ಇವೆ. ಕೂತು ಮಾತಾಡುವ ಜಾಗವೊಂದು ಇಲ್ಲ.

ಇನ್ನು ಕೈಕೆಲಸ. ಸಿನಿಮಾ ಎಂದ ಕೂಡಲೇ ದುಬಾರಿ ಕ್ಯಾಮೆರಾ, ಲೈಟು, ಕಂಪ್ಯೂಟರ್ ಲ್ಯಾಬ್ ಎಂದು ಕಡತದಲ್ಲಿ ಬರೆದು, ಅನುದಾನ ಇಲ್ಲ ಎಂದು ಮುಚ್ಚಿಬಿಡುವ ಅಪಾಯ ನನಗೆ ಗೊತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಮ್ಮ ಶಾಲೆಯ ಹಳೆಯ ಕಟ್ಟಡಕ್ಕೆ ಮಂಗಳೂರು ಹಂಚಿನ ಮಾಡು. ನಡುನಡುವೆ ಗಾಜಿನ ಹಂಚುಗಳಿವೆ. ಬೆಳಿಗ್ಗೆ ಹತ್ತೂವರೆ ಹನ್ನೊಂದರ ಹೊತ್ತಿಗೆ ಅದರಿಂದ ಒಂದು ಬಿಸಿಲಕೋಲು ನೇರ ನೆಲಕ್ಕೆ ಇಳಿಯುತ್ತದೆ. ಕಿಟಕಿ ಬಾಗಿಲು ಮುಚ್ಚಿದರೆ ಉಳಿದೆಲ್ಲ ಕತ್ತಲು. ಒಬ್ಬಳನ್ನು ಬೆಂಚಿನ ಮೇಲೆ ಕೂರಿಸಿ, ಇನ್ನೊಬ್ಬನ ಕೈಗೆ ಮುಖ ನೋಡುವ ಕನ್ನಡಿ ಕೊಟ್ಟು, ಬಿಸಿಲನ್ನು ಅವಳ ಮುಖಕ್ಕೆ ತಿರುಗಿಸಲು ಹೇಳಿದೆ. ಕೆಳಗಿನಿಂದ ಬೆಳಕು ಬಿದ್ದಾಗ ಇಡೀ ತರಗತಿ "ಅಯ್ಯೋ ಭೂತ!" ಎಂದು ನಕ್ಕಿತು. ಪಕ್ಕದಿಂದ ಬಿದ್ದಾಗ ಅರ್ಧ ಮುಖ ಮಾಯ. ಕನ್ನಡಿಯ ಬದಲು ಬಿಳಿ ಥರ್ಮಾಕೋಲ್ ಹಾಳೆ ಹಿಡಿದಾಗ ಬೆಳಕು ಮೆತ್ತಗಾಯಿತು, ಹುಡುಗಿ ತಾನಾಗಿಯೇ ಸ್ವಲ್ಪ ತಲೆ ಬಗ್ಗಿಸಿದಳು, ನಗು ನಿಂತಿತು. ಈಗ ಇವಳು ಏನು ಯೋಚಿಸುತ್ತಿದ್ದಾಳೆ ಎಂದು ಕೇಳಿದೆ. ಅಮ್ಮ ನೆನಪಾಗಿದ್ದಾಳೆ, ಮಾರ್ಕ್ಸ್ ಕಡಿಮೆ ಬಂದಿದೆ, ಯಾರಿಗೋ ಕಾಯುತ್ತಿದ್ದಾಳೆ, ಹೀಗೆ ಒಂದೊಂದೇ ಉತ್ತರ. ಅವಳು ಬಾಯೇ ಬಿಟ್ಟಿರಲಿಲ್ಲ.

ಆಮೇಲೆ ಮೈಸೂರಿನ ವಿ.ಕೆ. ಮೂರ್ತಿಯವರ ಬಗ್ಗೆ ಹೇಳಿದೆ. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣ ಕಲಿತು ಮುಂಬಯಿಗೆ ಹೋದವರು. 1959ರ 'ಕಾಗಜ್ ಕೆ ಫೂಲ್' ಚಿತ್ರದಲ್ಲಿ ಸ್ಟುಡಿಯೊದ ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಗಳಿಂದ ಒಳಕ್ಕೆ ಹಾಯಿಸಿ ಅವರು ಕಟ್ಟಿದ ಬೆಳಕಿನ ಕೋಲು ಇವತ್ತಿಗೂ ಮಾತಾಗುತ್ತದೆ. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ. ನಮ್ಮ ವಿಜ್ಞಾನದ ಸರ್ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಹತ್ತನೇ ತರಗತಿಯ ಬೆಳಕಿನ ಪ್ರತಿಫಲನದ ಪಾಠವನ್ನು ಮರುದಿನ ಅದೇ ಕೋಣೆಯಲ್ಲಿ ಮಾಡಿದರು. ಖರ್ಚು ಎಂದರೆ ಒಂದು ಥರ್ಮಾಕೋಲ್ ಹಾಳೆ.

ಮಲ್ಪೆ ಕಡೆಯಿಂದ ಬರುವ ಒಬ್ಬಳು ಮೀನು ಮಾರುವ ಅಮ್ಮನ ಬಗ್ಗೆ ಒಂದು ನಿಮಿಷದ ಚಿತ್ರ ಮಾಡಿಕೊಂಡು ಬಂದಿದ್ದಳು. ಶಾಲೆಗೆ ಮೊಬೈಲ್ ತರುವಂತಿಲ್ಲ, ಮನೆಯಲ್ಲೇ ತೆಗೆದು ನನಗೆ ಕಳಿಸಿದ್ದು. ಮೊದಲ ಸಲದ್ದು ಬೇಡ ಎಂದು ಅವಳೇ ತಿರಸ್ಕರಿಸಿದ್ದಳು. "ನಿಂತು ತೆಗೆದರೆ ಅಮ್ಮನ ನೆತ್ತಿ, ಬುಟ್ಟಿ ಮಾತ್ರ ಕಾಣ್ತದೆ ಟೀಚರ್. ಅಮ್ಮನ ಹತ್ರ ಮಣೆ ಹಾಕಿ ಕೂತೆ. ಆಗ ಬರುವವರ ಕಾಲು, ಚೀಲ, ಅವರು ಮೇಲಿಂದ ಚೌಕಾಸಿ ಮಾಡುದು ಎಲ್ಲ ಬಂತು." ಹಿನ್ನೆಲೆ ಸಂಗೀತ ಇಲ್ಲ. ಘೋಷವಾಕ್ಯ ಇಲ್ಲ. ಯಾವ ಸ್ಪರ್ಧೆಗೆ ಕಳಿಸಿದರೂ ಸಂದೇಶ ಏನು ಎಂದು ಕೇಳಿ ಪಕ್ಕಕ್ಕೆ ಇಡುತ್ತಿದ್ದರು.

ಇದೆಲ್ಲ ಹೊಸದೂ ಅಲ್ಲ. ಘಟ್ಟದ ಮೇಲೆ ಸಾಗರ ತಾಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು 1970ರ ದಶಕದಲ್ಲೇ ಅಡಿಕೆ ತೋಟದ ನಡುವೆ ಚಿತ್ರಸಮಾಜ ಕಟ್ಟಿ, ಪುಣೆಯ ಫಿಲಂ ಇನ್‌ಸ್ಟಿಟ್ಯೂಟಿನ ಸತೀಶ್ ಬಹಾದುರ್ ಅವರಂಥವರನ್ನು ಕರೆಸಿ, ರೈತರಿಗೂ ಮೇಷ್ಟ್ರುಗಳಿಗೂ ಜಗತ್ತಿನ ಸಿನಿಮಾ ತೋರಿಸಿ ಚರ್ಚೆ ಮಾಡಿಸಿದರು. ಹಳ್ಳಿಯವರಿಗೆ ಇದೆಲ್ಲ ಅರ್ಥವಾಗದು ಎಂದವರಿಗೆ ಅಲ್ಲೇ ಉತ್ತರ ಸಿಕ್ಕಿತ್ತು. ನಮ್ಮ ಇಲಾಖೆ ಆ ಅನುಭವದಿಂದ ಪ್ರೌಢಶಾಲೆಗೆ ಏನನ್ನೂ ತೆಗೆದುಕೊಳ್ಳಲಿಲ್ಲ ಎನ್ನುವುದು ಬೇಸರದ ಸಂಗತಿ.

ತಲಪಾಡಿ ಗೇಟು ದಾಟಿ ನೋಡಿ. ಕೇರಳದ ಪ್ರೌಢಶಾಲೆಗಳಲ್ಲಿ 2018ರಿಂದ 'ಲಿಟಲ್ ಕೈಟ್ಸ್' ಎನ್ನುವ ಮಕ್ಕಳ ಘಟಕಗಳಿವೆ. ಅನಿಮೇಷನ್, ವಿಡಿಯೊ ಚಿತ್ರೀಕರಣ, ಸಂಕಲನ ಕಲಿಸುತ್ತಾರೆ, ಶಾಲೆಗಳಿಗೆ ಕ್ಯಾಮೆರಾ ಕೊಟ್ಟಿದ್ದಾರೆ. ಇಂಗ್ಲೆಂಡಿನಲ್ಲಿ ನಮ್ಮ ಎಸ್ಸೆಸ್ಸೆಲ್ಸಿಗೆ ಸಮನಾದ ಜಿಸಿಎಸ್‌ಇ ಮಟ್ಟದಲ್ಲಿ ಫಿಲಂ ಸ್ಟಡೀಸ್ ಐಚ್ಛಿಕ ವಿಷಯ. ಎಜುಕಾಸ್ ಎನ್ನುವ ಪರೀಕ್ಷಾ ಮಂಡಳಿಯ ಕ್ರಮದಲ್ಲಿ ಶೇ. 70 ಅಂಕ ಬರಹದ ಪರೀಕ್ಷೆಗೆ, ಶೇ. 30 ಮಕ್ಕಳೇ ಮಾಡುವ ಕೆಲಸಕ್ಕೆ. ಆ ಕೆಲಸದಲ್ಲಿ ಎರಡು ದಾರಿ: ಎರಡು ಎರಡೂವರೆ ನಿಮಿಷದ ದೃಶ್ಯವೊಂದನ್ನು ತೆಗೆಯಬಹುದು, ಅಥವಾ ಚಿತ್ರಕಥೆಯ ಒಂದು ಭಾಗ ಬರೆಯಬಹುದು. ಈ ಎರಡನೆಯದನ್ನು ದಯವಿಟ್ಟು ಗಮನಿಸಿ. ಕ್ಯಾಮೆರಾ ಮುಟ್ಟದೆಯೂ ಈ ವಿಷಯದಲ್ಲಿ ಪೂರ್ಣ ಅಂಕ ತೆಗೆಯಲು ಅಲ್ಲಿ ಅವಕಾಶ ಇಟ್ಟಿದ್ದಾರೆ. ಸ್ವಂತ ಮೊಬೈಲ್ ಇಲ್ಲದ, ಅಣ್ಣನ ಫೋನಿಗೆ ಕಾಯಬೇಕಾದ ನಮ್ಮ ಹುಡುಗಿಯರಿಗೆ ಇದು ಬಹಳ ಮುಖ್ಯ.

ನಮ್ಮಲ್ಲಿ ಜಾಗ ಎಲ್ಲಿದೆ ಎನ್ನುತ್ತೀರಿ. ಜಾಗ ಇದೆ. ಎನ್‌ಎಸ್‌ಕ್ಯೂಎಫ್ ಎನ್ನುವ ವೃತ್ತಿಶಿಕ್ಷಣದ ಯೋಜನೆ ಇರುವ ಶಾಲೆಗಳಲ್ಲಿ ಮಕ್ಕಳು ತೃತೀಯ ಭಾಷೆಯ ಬದಲು ಐಟಿ, ರೀಟೇಲ್, ಆಟೊಮೊಬೈಲ್, ಬ್ಯೂಟಿ ಆ್ಯಂಡ್ ವೆಲ್‌ನೆಸ್‌ನಂಥ ವಿಷಯ ತೆಗೆದುಕೊಳ್ಳಲು ಈಗಾಗಲೇ ಅವಕಾಶವಿದೆ. ಪ್ರೊ. ಸುಖದೇವ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟಿನಲ್ಲಿ ಕೊಟ್ಟ ವರದಿಯಲ್ಲಿ ದ್ವಿಭಾಷಾ ನೀತಿಯನ್ನು ಶಿಫಾರಸು ಮಾಡಿದೆ. ಆ ಚರ್ಚೆ ಎಲ್ಲಿಗೆ ಮುಟ್ಟುತ್ತದೋ ಮುಟ್ಟಲಿ, ವೇಳಾಪಟ್ಟಿಯನ್ನು ಹೇಗೂ ಮತ್ತೆ ಬರೆಯುವ ಕಾಲ ಇದು. ಎರಡು ಎಚ್ಚರಿಕೆ ಮಾತ್ರ. ಒಂದು, ಇದನ್ನು ತುಳುವಿಗೆ ಎದುರಾಗಿ ನಿಲ್ಲಿಸಬೇಡಿ. ನಮ್ಮ ಕೆಲವು ಶಾಲೆಗಳಲ್ಲಿ ತುಳು ತೃತೀಯ ಭಾಷೆಯಾಗಿ ಬಂದದ್ದು ಸುಮ್ಮನೆ ಬಂದದ್ದಲ್ಲ. ಎರಡನೆಯದು, ಕೌಶಲ ತರಬೇತಿಯ ಖಾನೆಗೆ ಸೇರಿಸಿ ಇದನ್ನು ಮದುವೆ ವಿಡಿಯೊ ಮಾಡುವ ಕೋರ್ಸ್ ಮಾಡಿಬಿಡಬೇಡಿ. ಮದುವೆ ವಿಡಿಯೊ ಮಾಡಿ ಬದುಕುವವರ ಬಗ್ಗೆ ನನಗೆ ಗೌರವವಿದೆ, ಅವರು ಕಲಿಯಲು ಬೇರೆ ದಾರಿಗಳಿವೆ. ಪ್ರೌಢಶಾಲೆಯಲ್ಲಿ ಬೇಕಾದದ್ದು ನೋಡುವುದು, ಅದರ ಬಗ್ಗೆ ಬರೆಯುವುದು, ಮಾತಾಡುವುದು, ಸ್ವಲ್ಪ ಮಾಡಿ ನೋಡುವುದು. ಎಸ್ಸೆಸ್ಸೆಲ್ಸಿಯ 80 ಮತ್ತು 20ರ ಲೆಕ್ಕ ಇದಕ್ಕೆ ಹೇಳಿ ಮಾಡಿಸಿದಂತಿದೆ.

ಶಾಲೆಯಲ್ಲಿ ಸಿನಿಮಾ ತೋರಿಸಿದರೆ ಕಾನೂನಿನ ತೊಡಕು ಎಂದು ಹೆದರಿಸುವ ಅಧಿಕಾರಿಗಳಿದ್ದಾರೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಂ ಓದಿ ಎಂದು ಅವರಿಗೆ ಹೇಳಿ. ಶಿಕ್ಷಣ ಸಂಸ್ಥೆಯ ಚಟುವಟಿಕೆಯ ಭಾಗವಾಗಿ ಅಲ್ಲಿನ ಸಿಬ್ಬಂದಿ, ವಿದ್ಯಾರ್ಥಿಗಳು, ಪೋಷಕರು, ಸಂಸ್ಥೆಯ ಚಟುವಟಿಕೆಗೆ ಸಂಬಂಧಪಟ್ಟವರು ಇಷ್ಟೇ ಜನರಿಗೆ ಸಿನಿಮಾ ತೋರಿಸಿದರೆ ಅದು ಉಲ್ಲಂಘನೆಯಲ್ಲ. ವಯಸ್ಸಿನ ಪ್ರಶ್ನೆಗೂ ದಾರಿಯಿದೆ. ಸೆನ್ಸಾರ್ ಮಂಡಳಿ ಈಗ ಯುಎ ವರ್ಗವನ್ನು 7, 13, 16 ಎಂದು ವಯಸ್ಸಿನ ಪ್ರಕಾರ ಬೇರೆ ಮಾಡಿದೆ. ಯು ಮತ್ತು ಯುಎ 13ರವರೆಗಿನ ಚಿತ್ರಗಳೇ ಎರಡು ವರ್ಷಕ್ಕೆ ಧಾರಾಳ ಸಾಕು.

ನಿಜವಾದ ತೊಡಕು ಬೇರೆ ಇದೆ, ಸಬ್‌ಟೈಟಲ್‌. ಹೊರಗಿನ ಒಳ್ಳೆಯ ಚಿತ್ರ ಸಿಕ್ಕರೂ ಅದರ ಕೆಳಗೆ ಓಡುವುದು ಇಂಗ್ಲಿಷ್. ಕನ್ನಡ ಮಾಧ್ಯಮದ ಮಗು ಅದನ್ನು ಓದಿ ಮುಗಿಸುವಷ್ಟರಲ್ಲಿ ಮುಂದಿನ ಸಾಲು ಬಂದಿರುತ್ತದೆ, ಚಿತ್ರ ನೋಡುವುದು ಯಾವಾಗ? ಅದಕ್ಕೇ ನಾನು ಚಾಪ್ಲಿನ್‌ನಿಂದ ಶುರು ಮಾಡುತ್ತೇನೆ, ಅವನಿಗೆ ಭಾಷೆಯ ಹಂಗಿಲ್ಲ. ಕರ್ನಾಟಕ ಚಲನಚಿತ್ರ ಅಕಾಡೆಮಿಯಿಂದ ಹತ್ತಿಪ್ಪತ್ತು ಚಿತ್ರಗಳಿಗೆ ಕನ್ನಡ ಸಬ್‌ಟೈಟಲ್‌ ಮಾಡಿಸಿಕೊಡಿ. ಈ ಪತ್ರದಲ್ಲಿ ಹಣ ಕೇಳುವ ಜಾಗ ಇದೊಂದೇ ಎಂದುಕೊಳ್ಳಿ. ಜೊತೆಗೆ ನಮ್ಮದೇ ಹಳೆಯ ಚಿತ್ರಗಳ ಒಳ್ಳೆಯ ಪ್ರತಿಗಳೂ ಶಾಲೆಗೆ ಸಿಗುವಂತಾಗಲಿ. 1934ರ 'ಸತಿ ಸುಲೋಚನ' ಕನ್ನಡದ ಮೊದಲ ವಾಕ್ಚಿತ್ರ ಎಂದು ಮಕ್ಕಳು ಬಾಯಿಪಾಠ ಹೇಳುತ್ತಾರೆ. ತೋರಿಸಿ ಎಂದರೆ ತೋರಿಸಲು ಅದರ ಪ್ರತಿಯೇ ಉಳಿದಿಲ್ಲ.

ಶಿಕ್ಷಕರು? ಹೊಸ ಹುದ್ದೆ ಕೇಳುತ್ತಿಲ್ಲ, ಕೇಳಿದರೆ ಏನಾಗುತ್ತದೆ ಎಂದು ಗೊತ್ತು. ಭಾಷಾ ಶಿಕ್ಷಕರಲ್ಲಿ, ಚಿತ್ರಕಲಾ ಶಿಕ್ಷಕರಲ್ಲಿ ಆಸಕ್ತಿ ಇದ್ದವರಿಗೆ ಬೇಸಿಗೆ ರಜೆಯಲ್ಲಿ ಜಿಲ್ಲಾ ಶಿಕ್ಷಕ ತರಬೇತಿ ಸಂಸ್ಥೆಯಾದ ಡಯಟ್ ಮೂಲಕ ತರಬೇತಿ ಕೊಡಿಸಿ. ಕಲಿಸಬಲ್ಲವರು ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದ ಸಮೂಹ ಸಂವಹನ ವಿಭಾಗದಲ್ಲಿದ್ದಾರೆ, ಮಣಿಪಾಲದಲ್ಲಿದ್ದಾರೆ, ಹೆಗ್ಗೋಡಿನಲ್ಲಿದ್ದಾರೆ. ಉಡುಪಿಯ ಪ್ರೌಢಶಾಲೆಗಳಿಗೆ ಯಕ್ಷಗಾನ ಬಂದದ್ದೂ ಹೀಗೇ ಅಲ್ಲವೇ. ಗುರುಗಳು ಶಾಲೆಗೇ ಬಂದು ಹೆಜ್ಜೆ ಕಲಿಸಿದರು, ವರ್ಷದ ಕೊನೆಗೆ ಮಕ್ಕಳು ಕೃಷ್ಣಮಠದ ರಾಜಾಂಗಣದಲ್ಲಿ ವೇಷ ಕಟ್ಟಿ ಕುಣಿದರು. ಅದರಿಂದ ಓದು ಹಾಳಾಯಿತು ಎಂದು ಯಾವ ಪೋಷಕರೂ ದೂರಿದ್ದು ನನಗೆ ಗೊತ್ತಿಲ್ಲ.

ಸಿನಿಮಾ ಎಂದರೆ ದೂರುತ್ತಾರೆ. ಪೋಷಕರ ಸಭೆಯಲ್ಲಿ ಒಬ್ಬರು ನೇರವಾಗಿಯೇ ಹೇಳಿದರು: "ಟೀಚರ್, ಇವ ಮೊದಲೇ ಮೊಬೈಲ್ ಬಿಡುದಿಲ್ಲ. ಶಾಲೆಯಲ್ಲೂ ಪಿಕ್ಚರ್ ತೋರ್ಸಿದ್ರೆ ನಮ್ಮ ಕಥೆ ಮುಗೀತು ಮಾರ್ರೆ." ಅವರ ಆತಂಕ ಸುಳ್ಳಲ್ಲ. ನಾನು ಕೇಳಿಕೊಂಡದ್ದು ಇಷ್ಟೇ: ನಿಮ್ಮ ಮಗ ಒಂದು ಇಡೀ ಸಿನಿಮಾವನ್ನು ಎದ್ದು ಹೋಗದೆ, ಓಡಿಸದೆ, ನಡುವೆ ಬೇರೆ ಏನನ್ನೂ ನೋಡದೆ ನೋಡಿ ಎಷ್ಟು ಕಾಲವಾಯಿತು ಎಂದು ಮನೆಗೆ ಹೋಗಿ ವಿಚಾರಿಸಿ. ಎರಡು ಗಂಟೆ ಒಂದೇ ಕಡೆ ಮನಸ್ಸಿಟ್ಟು ಕೂರುವ ಅಭ್ಯಾಸವನ್ನು ಸಿನಿಮಾ ಪೀರಿಯಡ್ ಕಲಿಸಿದರೆ ಗಣಿತದವರಿಗೂ ಲಾಭವೇ. ಮಂಗಳೂರಿನ ಜ್ಯೋತಿ ಟಾಕೀಸು ಈಗಿಲ್ಲ, ಸಿಟಿ ಬಸ್ಸಿನ ಕಂಡಕ್ಟರ್ ಇನ್ನೂ "ಜ್ಯೋತಿ ಜ್ಯೋತಿ" ಎಂದು ಕೂಗುತ್ತಾನೆ. ನಮ್ಮ ಎಷ್ಟೋ ಮಕ್ಕಳಿಗೆ ಅದು ಬರೀ ಒಂದು ಸ್ಟಾಪಿನ ಹೆಸರು. ಕತ್ತಲಲ್ಲಿ ಗುರುತಿಲ್ಲದವರ ಜೊತೆ ಕೂತು ಒಟ್ಟಿಗೆ ನಗುವ, ಅಳುವ ಅನುಭವ ಅವರಿಗೆ ವರ್ಷಕ್ಕೆ ಒಂದೆರಡು ಸಲ, ಮಾಲಿನ ಟಿಕೆಟ್ಟಿಗೆ ದುಡ್ಡಿದ್ದರೆ.

ಫಲಿತಾಂಶದ ಭಯವೂ ಇದೆ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಉಡುಪಿ ಶೇ. 94 ಪಡೆದು ರಾಜ್ಯಕ್ಕೆ ಮೊದಲು, ದಕ್ಷಿಣ ಕನ್ನಡ ಎರಡನೆಯದು. 2025ರಲ್ಲಿ ಶೇ. 91.12ರೊಂದಿಗೆ ದಕ್ಷಿಣ ಕನ್ನಡ ಮೊದಲು, ನಾವು ಎರಡು. ಮೊದಲ ಎರಡು ಸ್ಥಾನವನ್ನು ಈ ಎರಡು ಜಿಲ್ಲೆಗಳು ತಮ್ಮತಮ್ಮಲ್ಲೇ ಅದಲುಬದಲು ಮಾಡಿಕೊಳ್ಳುತ್ತಿರುವಾಗ ಒಂದು ಹೊಸ ವಿಷಯ ಪರೀಕ್ಷಿಸಲು ಇದಕ್ಕಿಂತ ಗಟ್ಟಿ ನೆಲ ರಾಜ್ಯದಲ್ಲಿ ಬೇರೆ ಎಲ್ಲಿದೆ? ಸೋಲುವ ಭಯ ಇರುವವರ ಮೇಲೆ ಪ್ರಯೋಗ ಮಾಡಬೇಡಿ. ನಮ್ಮ ಮೇಲೆ ಮಾಡಿ.

ಮುಂದಿನ ಜೂನಿಗೆ ಎರಡೂ ಜಿಲ್ಲೆಗಳಲ್ಲಿ ತಾಲೂಕಿಗೊಂದು ಶಾಲೆ ಆರಿಸಿ. ಸರಕಾರಿ ಶಾಲೆಗಳೇ ಹೆಚ್ಚಿರಲಿ, ಒಂದೆರಡು ಉರ್ದು ಮಾಧ್ಯಮದವೂ ಇರಲಿ. ಒಂಬತ್ತನೇ ತರಗತಿಯಿಂದ ಆರಂಭಿಸಿ ವಾರಕ್ಕೆ ಎರಡು ಪೀರಿಯಡ್ ಕೂಡಿಸಿ ಒಟ್ಟಿಗೆ ಕೊಡಿ, ಅರ್ಧ ಸಿನಿಮಾದ ಶಿಕ್ಷೆ ಸಾಕು. ಎರಡು ವರ್ಷ ಬಿಟ್ಟು ಬಂದು ಉತ್ತರ ಪತ್ರಿಕೆಗಳನ್ನು ನೀವೇ ತೆಗೆದು ಓದಿ. ಪೈಲಟ್ ಶಾಲೆಗಳ ಪಟ್ಟಿಯಲ್ಲಿ ನಮ್ಮದೂ ಇರಲಿ ಎಂದು ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು ಬಿಇಒ ಕಚೇರಿಗೆ ಅರ್ಜಿ ಕೊಟ್ಟಿದ್ದೇನೆ. ಇಂಥ ಪಟ್ಟಿಯೇ ಇಲ್ಲವಲ್ಲ ಟೀಚರ್ ಎಂದರು ಗುಮಾಸ್ತರು, ಆದರೂ ಸೀಲು ಹಾಕಿ ಸ್ವೀಕೃತಿ ಕೊಟ್ಟಿದ್ದಾರೆ.

ಇತಿ ತಮ್ಮ ವಿಶ್ವಾಸಿ,
ಕನ್ನಡ ಟೀಚರ್,
ಅನುದಾನಿತ ಪ್ರೌಢಶಾಲೆ, ಉಡುಪಿ ಜಿಲ್ಲೆ